ಚೌಕಟ್ಟಿನ ಹಿಂದಿನ ಹೂಳುಗೆರೆ

ನನ್ನ ತಮ್ಮ ಜೆನೋನ್ ತಾಮ್ರದ ಗಣಿಯಿಂದ ಮನೆಗೆ ಬರಲಿಲ್ಲವೆಂದು ತಿಳಿದ ದಿನ, ಅವನ ಹೆಂಡತಿ ಹಲ್ಷ್ಕಾ ನಮ್ಮ ಬಾಗಿಲಿಗೆ ಬಂದಳು. ಗಣಿಗಿಳಿದವನ ಹೆಸರಿನ ಲೋಹದ ಬಿಲ್ಲೆ ಅವನ ಜೇಬಿನಲ್ಲೇ ಇರುತ್ತದೆ. ಮೇಲೆ ಬಂದಾಗ ಹಾಜರಿ ಹಲಗೆಗೆ ಸೇರುತ್ತದೆ. ಜೆನೋನನ ಬಿಲ್ಲೆ ಹಲಗೆಯಲ್ಲಿತ್ತು. ಮೇಲೆ ಬಂದು ಎಲ್ಲಿಗೋ ಓಡಿಹೋದ ಎಂದು ಊರು ಆಡಿಕೊಂಡಿತು.

"ಭಾವಾ, ಅವ್ರು ಬದುಕಿಲ್ಲ ಅಂತ ನನಗೆ ಗೊತ್ತು. ಕಪ್ಪು ಬಟ್ಟೆ ಉಡೋಕೂ ಬಿಡ್ತಿಲ್ಲ, ಬಲಿಪೂಜೆ ಹೇಳ್ಸೋಕೂ ಬಿಡ್ತಿಲ್ಲ."

ನಮ್ಮ ಮಹಡಿಯಲ್ಲಿದ್ದ ನಿವೃತ್ತ ಪೊಲೀಸ್ ಅಧಿಕಾರಿ ಸಾಲೊಮಿಯಾ ಆಗಲೇ ಕೋಟು ತೊಡುತ್ತಿದ್ದರು. ಎಷ್ಟೋ ಪತ್ತೆಗಳಿಗೆ ಅವರ ಹಿಂದೆ ಹೋಗಿದ್ದೆ. ಅಂದೂ ಹೊರಟೆ.

ಜೆನೋನ್ ದುಡಿಯುತ್ತಿದ್ದ ಪೊಳ್ಳನ್ನು, ಅಂದರೆ ಅದಿರು ತೆಗೆದು ಬರಿದಾದ ಗುಹೆಯನ್ನು, ಅವನು ಕಾಣೆಯಾದಂದೇ ತುಂಬಿದ್ದರು. ಅದಿರು ಅರೆದುಳಿದ ಪುಡಿಯನ್ನು ನೀರಿನಲ್ಲಿ ಕಲಸಿ ಮೇಲಿನಿಂದ ಕೊಳವೆಯಲ್ಲಿ ಬಿಡುತ್ತಾರೆ. ಹೂಳು ಒಳಗೆ ಕೂರುತ್ತದೆ, ನೀರು ಪೊಳ್ಳಿನ ಬಾಯಿಗೆ ಕಟ್ಟಿದ ಅಡ್ಡಗೋಡೆಯ ತೂತುಗಳಿಂದ ಬಸಿಯುತ್ತದೆ. ನಾವು ಇಳಿದಾಗ ಆ ಗೋಡೆ ಇನ್ನೂ ಬೂದು ನೀರು ಸುರಿಸುತ್ತಿತ್ತು. ಒಳಗೆ ಹೂಳು ಕುಸಿದಾಗಲೆಲ್ಲ ಯಾರೋ ನಿಟ್ಟುಸಿರಿಟ್ಟಂತಾಗುತ್ತಿತ್ತು. ನಾನು ಶಿಲುಬೆಯ ಗುರುತು ಹಾಕಿಕೊಂಡೆ.

ಕೆಲವರ ಅನುಮಾನ ಗೆರ್ವಾಜಿಯ ಮೇಲಿತ್ತು. ಮೇಲೆ ಕೊಳವೆ ತೆರೆದವನು ಅವನು. ಜೆನೋನನೊಡನೆ ಕೈ ಕೈ ಮಿಲಾಯಿಸಿದ್ದವನೂ ಅವನೇ. ಕೆಳಗಿದ್ದ ಮೇಸ್ತ್ರಿ ವಾವ್ಜಿನ್ ಮಾತ್ರ ಎದೆ ತಟ್ಟಿಕೊಂಡ.

"ತುಂಬೋಕೆ ಮುಂಚೆ ಸಂತಮ್ಮನ ಪಟ ನಾನೇ ತಂದೆ. ಒಳಗೆ ಒಂದು ಇಲೀನೂ ಇರ್ಲಿಲ್ಲ."

ನಮ್ಮಲ್ಲಿ ಪ್ರತಿ ಪೊಳ್ಳಿನಲ್ಲೂ ಗಣಿಯವರನ್ನು ಕಾಯುವ ಸಂತ ಬಾರ್ಬರಾಳ ಪಟವಿರುತ್ತದೆ. ಅವಳನ್ನು ಹೂಳುವುದು ಮಹಾಪಾಪ. ಈ ಪಟ ಈಗ ಗಣಿಯ ಪ್ರಾರ್ಥನಾಗೂಡಿನಲ್ಲಿತ್ತು, ಗಾಜು ಫಳಫಳ ಹೊಳೆಯುತ್ತಿತ್ತು. ಸಾಲೊಮಿಯಾ ಮೊಣಕಾಲೂರಿ ಪ್ರಾರ್ಥಿಸಿ, ಪಟವನ್ನು ತಿರುವಿ ನೋಡಿ, ಎಲ್ಲರನ್ನೂ ಆ ಗೋಡೆಯ ಮುಂದೆ ಸೇರಿಸಲು ಹೇಳಿದರು.

"ಗಾಜು ತೊಳೆದೆ ವಾವ್ಜಿನ್, ಹಿಂದಿನ ಮರ ಮರೆತೆ," ಎಂದರು. "ನೋಡಿ, ಅಡ್ಡಕ್ಕೆ ಒಂದೇ ಮಟ್ಟದಲ್ಲಿ ಹೂಳಿನ ಗೆರೆ. ಕೈಜಾರಿ ಬಿದ್ದಿದ್ರೆ ಕೆಸರು ಸಿಡೀತಿತ್ತು. ಇದು ಪೊಳ್ಳಿನೊಳಗೆ ತೂಗ್ತಿದ್ದಾಗಲೇ ಹೂಳುನೀರು ಏರಿದ ಗುರುತು. ನೀನು ಮುಂಚೆ ತರಲಿಲ್ಲ. ಮರೆತು, ಆಮೇಲೆ ಗೋಡೆಯ ಮೇಲಿನ ಕಿಂಡಿಯಿಂದ ನುಗ್ಗಿ ತಂದೆ."

ಕೊಳವೆ ನಿಲ್ಲಿಸು ಎಂದು ಅವನೇಕೆ ಮೇಲಕ್ಕೆ ಫೋನು ಮಾಡಲಿಲ್ಲ? ಅದನ್ನೂ ಸಾಲೊಮಿಯಾರೇ ಬಿಡಿಸಿ ಹೇಳಿದರು. ನಿಂತರೆ ಜನ ಬರುತ್ತಿದ್ದರು, ಒಳಗಿದ್ದ ಜೆನೋನನ ಹೆಣವನ್ನು ಕಾಣುತ್ತಿದ್ದರು. ಇನ್ನು ಬಿಲ್ಲೆ: ಜೆನೋನನ ಜೇಬಿನಿಂದ ಅದನ್ನು ತೆಗೆದು ಹಲಗೆಗೆ ಸೇರಿಸಿದವನು ಕೆಳಗಿದ್ದವನೇ ಆಗಬೇಕು. ಗೆರ್ವಾಜಿ ಅಂದು ಇಳಿದೇ ಇರಲಿಲ್ಲ.

ವಾವ್ಜಿನ್ ಟೋಪಿ ತೆಗೆದ. "ಗೋಡೆಗೆ ತೂತು ಕಮ್ಮಿ ಬಿಟ್ಟಿದೀಯ, ನೀರು ಕಟ್ಟಿ ಗೋಡೆ ಒಡೆಯುತ್ತೆ, ದೂರು ಕೊಡ್ತೀನಿ ಅಂದ. ತಳ್ಳಿದೆ. ತಲೆ ಬಂಡೆಗೆ ಬಡೀತು, ಉಸಿರು ಹೋಯ್ತು. ಆದ್ರೆ ಸಂತಮ್ಮನ್ನ ಹೂಳಲ್ಲಿ ಬಿಡೋಕೆ ಮನಸ್ಸು ಬರ್ಲಿಲ್ಲ."

"ನನ್ನ ಗಂಡನ್ನ ಬಿಟ್ಟೆಯಲ್ಲ," ಎಂದಳು ಹಲ್ಷ್ಕಾ.

ಹೆಣ ತೆಗೆಯಲು ಗೋಡೆ ಒಡೆದರೆ ಮೇಲಿನ ಬಂಡೆಯೇ ಕುಸಿಯುತ್ತದೆಂದು ಗಣಿಯವರು ಹೇಳಿದರು. ಹಾಗಾಗಿ ಆ ಪೊಳ್ಳೇ ಜೆನೋನನ ಸಮಾಧಿಯಾಯಿತು. ಹಲ್ಷ್ಕಾ ಕಪ್ಪುಟ್ಟು ಬಂದಳು, ಪಾದ್ರಿಗಳು ಅಲ್ಲೇ ಪೂಜೆ ಅರ್ಪಿಸಿದರು, ಸಂತಮ್ಮನ ಪಟವನ್ನು ಅಲ್ಲೇ ತೂಗುಹಾಕಿದೆವು. ಗೋಡೆ ಇನ್ನೂ ತೊಟ್ಟಿಕ್ಕುತ್ತಿತ್ತು.

ಕರ್ತನೇ, ದೀಪವಿಲ್ಲದೆ ಮಲಗಿರುವ ನನ್ನ ತಮ್ಮನಿಗೆ ನಿನ್ನ ಬೆಳಕು ಕಾಣಲಿ. ಅವನ ಆತ್ಮ ನಿನ್ನಲ್ಲಿ ಶಾಂತಿಯಿಂದಿರಲಿ. ಆಮೆನ್.