ಮೂರನೆಯ ತುತ್ತು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ಚೆನ್ನಾಜಮ್ಮ. ಅವರು ಹೇಳಿದ ಹಾಗೆಯೇ ಹೇಳುತ್ತೇನೆ.

ಬಹಳ ಹಿಂದೆ, ಮೃಗಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹೊನ್ನಾವತಿ ಎಂಬ ದೊಡ್ಡ ಪಟ್ಟಣವಿತ್ತು. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಬಿಸಿಲೇರುವ ಹೊತ್ತಿಗೆ ಆಸರೆಬನ ಸಿಗುತ್ತಿತ್ತು. ಕಾಲು ಮುರಿದ ಜಿಂಕೆ, ತಾಯಿ ಸತ್ತ ಮರಿ, ಹಲ್ಲುದುರಿದ ಮುದಿಹುಲಿ, ದಿಕ್ಕಿಲ್ಲದ್ದಕ್ಕೆಲ್ಲ ಅದೇ ದಿಕ್ಕು. ಕಾಯುವವನು ಸಿದ್ಧಜ್ಜ. ನೋಡಲು ಬಂದವರು ಬಾಗಿಲ ಬಾವಿಯಿಂದ ಒಂದು ಕೊಡ ನೀರು ಹೊತ್ತು ಒಳಗಿನ ಕಲ್ಲುಬಾನಿಗೆ ಸುರಿಯಬೇಕು. ಬೇಸಗೆಯಲ್ಲಿ ಆ ನೀರೇ ಮೃಗಗಳ ಜೀವ.

ಪಟ್ಟಣದ ಅನ್ನಛತ್ರದಲ್ಲಿ ಅಡುಗೆ ಮಾಡುವ ನಂಜವ್ವ ಸೋಮವಾರ ತಪ್ಪದೆ ಬನಕ್ಕೆ ಹೋಗುತ್ತಿದ್ದಳು. ಮಕ್ಕಳಿಲ್ಲದವಳು. ಉಂಡವರು ಎಲೆಗೆ ಕೈ ಅಡ್ಡ ಹಿಡಿದರೂ "ಇನ್ನೊಂದೇ ಸೌಟು" ಎಂದು ಬಡಿಸಿಬಿಡುವ ಕೈ ಅವಳದು. ಬನದ ತಬ್ಬಲಿ ಕರಡಿಮರಿ ಕರಿಗುಂಡ ಅವಳನ್ನು ಅವ್ವ ಎನ್ನುತ್ತಿತ್ತು.

ಆ ಬೇಸಗೆ ಗಾಳಯ್ಯನೆಂಬ ಮಾಟಗಾರ ಬನದ ಬಾಗಿಲಲ್ಲಿ ಬೆಲ್ಲದುಂಡೆಯ ಬುಟ್ಟಿ ಇಟ್ಟುಕೊಂಡು ಕೂತ. "ಬರಿಗೈಲಿ ಹೋಗ್ತೀಯಾ ತಾಯಿ? ಮಕ್ಕಳಿರೋ ಮನೆ" ಎಂದ. ಜನಕ್ಕೆ ಹೌದೆನಿಸಿತು. ಕೊಡ ಹೊರುವುದನ್ನು ಬಿಟ್ಟು ಉಂಡೆ ಕೊಂಡರು. ನಂಜವ್ವನೂ ಒಂದು ಸೋಮವಾರ ಕರಿಗುಂಡನಿಗೆ ಒಂದು ತಿನ್ನಿಸಿದಳು, ಮರುಸೋಮವಾರ ಇನ್ನೊಂದು.

ಒಂದೇ ಕೈಯಿಂದ ಮೂರನೆಯ ಉಂಡೆ ತಿಂದ ಮೃಗದ ಕಾಲಿಗೆ ಗೆಜ್ಜೆ ಬೀಳುತ್ತಿತ್ತು, ಮಾತು ಹೋಗುತ್ತಿತ್ತು. ಆಮೇಲೆ ಅದು ಗಾಳಯ್ಯನ ಸಿಳ್ಳೆಗೆ ಹಿಂದೆ ನಡೆದು ಅವನ ಅಂಗಳದಲ್ಲಿ ಕುಣಿಯುತ್ತಿತ್ತು. ಹೀಗೆ ಏಳು ಮೃಗ ಹೋದ ಮೇಲೆ ಸಿದ್ಧಜ್ಜನಿಗೆ ಗುಟ್ಟು ತಿಳಿಯಿತು.

ಮೂರನೆಯ ಉಂಡೆ ಹಿಡಿದು ಬಂದ ನಂಜವ್ವನನ್ನು ಸಿದ್ಧಜ್ಜ ತಡೆದು ಎಲ್ಲವನ್ನೂ ಹೇಳಿದ.

"ಹಾಗಾದ್ರೆ ನಾನು ಬರೋದೇ ಇಲ್ಲ ಬಿಡು, ಅಜ್ಜ."

"ಬಾರದೆ ಕೂತರೆ ಮಾಟ ಬಿಡಲ್ಲ ಕಣವ್ವ. ಎರಡು ತುತ್ತು ಕೊಟ್ಟ ಕೈ ಮೂರು ಸೋಮವಾರ ಬರಬೇಕು, ಕಣ್ತುಂಬ ನೋಡಬೇಕು, ಕೊಡದೆ ಹೋಗಬೇಕು. ಆಗ ಆ ಏಳರ ಗೆಜ್ಜೆಯೂ ಉದುರುತ್ತೆ."

"ಮರಿ ಹಸಿದು ಸತ್ತರೆ?"

"ಬನದ ತುಂಬ ಗೆದ್ದಲಿದೆ, ಕಾರೆಹಣ್ಣಿದೆ. ಬೆಲ್ಲದ ಬಾಯಿಗೆ ಅದು ಕಾಣ್ತಿಲ್ಲ."

"ನಾನು ಅಡುಗೆಯವಳು, ಅಜ್ಜ."

"ಅದಕ್ಕೇ ನಿನಗೆ ಕಷ್ಟ" ಎಂದ ಸಿದ್ಧಜ್ಜ.

ಅವಳು ಉಂಡೆಯನ್ನು ಬುಟ್ಟಿಗೆ ಹಿಂದಿರುಗಿಸಿ, ಕೊಡ ಹೊತ್ತು ಒಳಗೆ ಹೋದಳು. ಕರಿಗುಂಡ ಸೆರಗು ಹಿಡಿಯಿತು. "ಅವ್ವಾ, ಹಸಿವು." ನಂಜವ್ವ ನೀರು ಸುರಿದಳು, ಕಣ್ತುಂಬ ನೋಡಿದಳು, ಕೊಡದೆ ಬಂದಳು.

ಎರಡನೆಯ ಸೋಮವಾರ ಗಾಳಯ್ಯ ನಕ್ಕ. "ಏನಮ್ಮ, ಅಡುಗೆಯವಳ ಕೈಗೆ ಲಕ್ವ ಹೊಡೀತಾ?" ಒಳಗೆ ಕರಿಗುಂಡ ಅವಳತ್ತ ತಿರುಗಲೂ ಇಲ್ಲ. "ನೀನು ನಮ್ಮವ್ವ ಅಲ್ಲ. ಉಂಡೆ ತಾತನೇ ವಾಸಿ." ನಂಜವ್ವ ನೀರು ಸುರಿದಳು, ಕಣ್ತುಂಬ ನೋಡಿದಳು, ಕೊಡದೆ ಬಂದಳು. ಅಂದು ಛತ್ರದ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಯಾಕೆಂದು ಕೇಳಿದವರಿಗೆಲ್ಲ ಅವಳು ನಡೆದದ್ದು ಹೇಳಿದಳು. ಕೇಳಿದವರು ಮನೆಯಲ್ಲಿ ಹೇಳಿದರು.

ಮೂರನೆಯ ಸೋಮವಾರ ಪಟ್ಟಣವೇ ಕೊಡ ಹಿಡಿದು ಬಂತು. ಬುಟ್ಟಿಯ ಕಡೆ ಯಾರೂ ನೋಡಲಿಲ್ಲ. ನಂಜವ್ವ ನೀರು ಸುರಿದು ಕಾದಳು. ಕರಿಗುಂಡ ಬರಲಿಲ್ಲ. ಹುಡುಕುತ್ತ ಹೋದರೆ ದೂರದಲ್ಲಿ ಒಂದು ಹುತ್ತ, ಅದರೊಳಗೆ ಅರ್ಧ ಕರಡಿ.

"ಕರಿಗುಂಡಾ."

ಮಣ್ಣು ಮೆತ್ತಿದ ಮೂತಿ ಹೊರಬಂತು. "ಅವ್ವಾ, ಇವತ್ತು ಬಿಡುವಿಲ್ಲ" ಎಂದು ಮತ್ತೆ ಒಳಗೆ ಹೋಯಿತು.

ನಂಜವ್ವನಿಗೆ ನಗುವೂ ಬಂತು, ಅಳುವೂ ಬಂತು. ಅಷ್ಟರಲ್ಲಿ ಗಾಳಯ್ಯನ ಅಂಗಳದ ಕಡೆಯಿಂದ ಆ ಏಳು ಮೃಗಗಳು ಓಡಿಬಂದು ಕಲ್ಲುಬಾನಿಗೆ ಬಾಯಿಟ್ಟವು. ಒಂದರ ಕಾಲಲ್ಲೂ ಗೆಜ್ಜೆಯಿರಲಿಲ್ಲ.

ಬಾಗಿಲಲ್ಲಿ ಗಾಳಯ್ಯ ತುಂಬಿದ ಬುಟ್ಟಿಯ ಮುಂದೆ ಮುಖ ಇಳಿಬಿಟ್ಟು ಕೂತಿದ್ದ. ಜನ ಕಲ್ಲೆತ್ತಿಕೊಂಡಿದ್ದರು. ನಂಜವ್ವ ಅವರನ್ನು ಸರಿಸಿ ಅವನೆದುರು ಕುಕ್ಕರಿಸಿದಳು.

"ಊಟ ಆಯ್ತೇನಪ್ಪ?"

"ನನ್ನ ಉಂಡೆ ನಾನು ತಿನ್ನೋ ಹಾಗಿಲ್ಲ."

"ತುತ್ತಿಟ್ಟು ಉಣ್ಣಿಸಿದೋರು ಯಾರೂ ಇರಲಿಲ್ವಾ ನಿನಗೆ?"

ನಂಜವ್ವ ಬುತ್ತಿ ಬಿಚ್ಚಿ ಮೊಸರನ್ನ ಕಲಸಿದಳು. "ಕೈತುತ್ತು ಮನುಷ್ಯರದು. ಶಿವಾ ಅಂತ ಬಾಯಿ ತೆಗಿ."

ಮೊದಲ ತುತ್ತು ತಿಂದ. ಎರಡನೆಯದನ್ನೂ ತಿಂದ. "ಸಾಕು ತಾಯಿ" ಎಂದು ಕೈ ಅಡ್ಡ ಹಿಡಿದ.

"ಇನ್ನೊಂದೇ ಒಂದು" ಎಂದಳು ನಂಜವ್ವ.

ಮೂರನೆಯ ತುತ್ತು ಇಳಿಯಿತು. ಉಂಡೆಯೋ ಅನ್ನವೋ, ತಿಂದವನು ಮೃಗವೋ ಮನುಷ್ಯನೋ, ಅವನ ಮಾಟ ನೋಡಲಿಲ್ಲ; ಒಂದೇ ಕೈಯ ಮೂರು ತುತ್ತು ಎಣಿಸಿತು, ಅಷ್ಟೇ. ಅವನ ಕಾಲಲ್ಲೇ ಗೆಜ್ಜೆ ಘಲ್ಲೆಂದಿತು. ಗಾಳಯ್ಯ ಎದ್ದು, ಅವಳ ಖಾಲಿ ಕೊಡ ತೆಗೆದುಕೊಂಡು, ಬಾವಿಯ ಕಡೆ ನಡೆದ. ಅಂದಿನಿಂದ ಆ ಕಲ್ಲುಬಾನಿ ಒಣಗಲಿಲ್ಲ. ಬನವೂ ಪಟ್ಟಣವೂ ತಂಪಾಗಿದ್ದವು. ಸೋಮವಾರ ಮಾತ್ರ ಅವನಿಗೆ ನಂಜವ್ವನ ಬುತ್ತಿಯಲ್ಲಿ ಪಾಲು.

ಇಷ್ಟೇ ಕತೆ. ನಿಮ್ಮ ಮಕ್ಕಳಿಗೆ ತುತ್ತಿಡುವಾಗ ಹೇಳಿ. ಅವರು ದೊಡ್ಡವರಾಗಿ ತುತ್ತಿಡುವಾಗ ಅವರೂ ಹೇಳಲಿ.