ಇಪ್ಪತ್ತು ನಿಮಿಷ ಮುಂದೆ ಓಡಿದ ಗಡಿಯಾರ

ಟಿಲ್ಲಿ ಕುರ್ಚಿಯ ಮೇಲೆ ತುದಿಗಾಲಲ್ಲಿ ನಿಂತು, ಕ್ಲಬ್ಬಿನ ಗೋಡೆ ಗಡಿಯಾರದ ದೊಡ್ಡ ಮುಳ್ಳನ್ನು ಬೆರಳಿನಿಂದ ಮೆಲ್ಲಗೆ ತಳ್ಳಿದಳು. ಐದೂವರೆ ಇದ್ದದ್ದು ಐದು ಐವತ್ತಾಯಿತು. ಕುರ್ಚಿ ಕಿರ್ರೆಂದಿತು. ಅವಳು ಧುಮುಕಿ, ಕುರ್ಚಿಯನ್ನು ಮೇಜಿನ ಕೆಳಗೆ ತಳ್ಳಿ, ಏನೂ ಅರಿಯದವಳಂತೆ ಹಳೆಯ ಹಡಗಿನ ಫೋಟೋ ನೋಡುತ್ತ ನಿಂತುಬಿಟ್ಟಳು.

ನಿಜ ಹೇಳಬೇಕೆಂದರೆ ತಪ್ಪು ಅವಳದಲ್ಲ, ಹೊಟ್ಟೆಯದು. ಸ್ಕೂಲಿನ ನಂತರ ಒಂದು ಗಂಟೆ ಈಜಿ ಬಂದಿದ್ದಳು. ಹೊಟ್ಟೆ ಚುರುಗುಟ್ಟುತ್ತಿತ್ತು. ಅಡುಗೆಮನೆಯಲ್ಲಿ ನೊರೀನ್ ಅತ್ತೆ ಆಲೂಗಡ್ಡೆ ಚಿಪ್ಸ್ ಕರಿಯುತ್ತಿದ್ದಳು. ಆ ವಾಸನೆಗೆ ಮೂಗೇ ಕಳಚಿ ಓಡುವಂತಿತ್ತು.

"ಅತ್ತೆ, ಒಂದೇ ಒಂದು ಚಿಪ್ಸ್ ಕೊಡೇ."

"ಆರು ಗಂಟೆ ಆಗ್ಲಿ."

"ಮುರಿದು ಹೋಗಿರೋದಾದ್ರೂ ಕೊಡು."

"ಕೈ ಒಳಗೆ ಹಾಕಿದ್ರೆ ಅದನ್ನೂ ಕರೀತೀನಿ ನೋಡು!"

ವಾರಿಂಗಾ ಊರಿನ ಮಾಜಿ ಸೈನಿಕರ ಕ್ಲಬ್ಬಿನಲ್ಲಿ ಇದು ಕಲ್ಲಿನಲ್ಲಿ ಕೊರೆದ ನಿಯಮ. ಸಂಜೆ ಸರಿಯಾಗಿ ಆರಕ್ಕೆ ದೀಪ ಆರಿಸುತ್ತಾರೆ. ಎಲ್ಲರೂ ಎದ್ದು ನಿಲ್ಲುತ್ತಾರೆ. ಯುದ್ಧದಿಂದ ಮರಳಿ ಬಾರದವರನ್ನು ನೆನೆದು ಪ್ಯಾಸ್ಕೋ ತಾತ ನಾಲ್ಕು ಸಾಲು ಹೇಳುತ್ತಾರೆ. ಆಮೇಲೆ ಒಂದು ನಿಮಿಷ ಮೌನ. ಅದು ಮುಗಿಯುವವರೆಗೂ ತಿಂಡಿ ಕೊಡುವ ಅಡುಗೆಮನೆಯ ಕಿಟಕಿ ತೆರೆಯುವುದಿಲ್ಲ. ಆ ಒಂದು ನಿಮಿಷವನ್ನು ಟಿಲ್ಲಿ ಪ್ರತಿ ಶುಕ್ರವಾರವೂ ಒಂದು, ಎರಡು, ಮೂರು ಎಂದು ಅರವತ್ತರವರೆಗೆ ಎಣಿಸಿಯೇ ಕಳೆಯುತ್ತಿದ್ದಳು.

ಗಡಿಯಾರ ಆರು ತೋರಿಸಿತು. ಕಾರ್ಯದರ್ಶಿ ಗಾರ್ವಿ ಸಾಹೇಬರು ಗಂಟಲು ಸರಿಮಾಡಿಕೊಂಡರು.

"ಗಾರ್ವಿ, ನನ್ನ ವಾಚಲ್ಲಿ ಇನ್ನೂ ಐದು ನಲವತ್ತು ಕಣೋ" ಎಂದರು ಮೂಲೆಯ ಮೇಜಿನವರೊಬ್ಬರು.

"ನಿನ್ನ ವಾಚು ನಿನ್ನ ಹಾಗೇ ಸೋಮಾರಿ. ಕ್ಲಬ್ಬಿನೊಳಗೆ ಕ್ಲಬ್ಬಿನ ಗಡಿಯಾರವೇ ರಾಜ!"

ಮೂಲೆಯವರು ತಲೆ ಕೆರೆದುಕೊಂಡು ವಾಚಿನ ಕೀ ತಿರುಗಿಸಿದರು. ಅವರನ್ನು ನೋಡಿ ಪಕ್ಕದವರೂ ತಿರುಗಿಸಿದರು, ಅವರನ್ನು ನೋಡಿ ಇನ್ನೂ ನಾಲ್ವರು. ಟಿಲ್ಲಿ ನಗು ತಡೆಯಲು ತುಟಿ ಕಚ್ಚಿಕೊಂಡಳು.

ಆದರೆ ಪ್ಯಾಸ್ಕೋ ತಾತನ ಕುರ್ಚಿ ಖಾಲಿ ಇತ್ತು. ಅವರು ಬರುವುದೇ ಆರಕ್ಕೆ ಐದು ನಿಮಿಷ ಇರುವಾಗ, ರೈಲುಹಾದಿಯ ಪಕ್ಕದಲ್ಲಿ ನಡೆದುಕೊಂಡು. ಇದು ಟಿಲ್ಲಿಗೆ ಹೊಳೆದೇ ಇರಲಿಲ್ಲ.

ಆವತ್ತು ಆ ಸಾಲುಗಳನ್ನು ಗಾರ್ವಿ ಸಾಹೇಬರೇ ಹೇಳಿದರು. ಒಂದು ಸಾಲು ಮರೆತೇಹೋಯಿತು. ದೀಪ ಹತ್ತಿತು, ಕಿಟಕಿ ತೆರೆಯಿತು, ಟಿಲ್ಲಿಯ ಕೈಗೆ ಬಿಸಿಬಿಸಿ ಚಿಪ್ಸ್ ಬಂತು. ಆದರೆ ಯಾರೂ ಸಾಲಿನಲ್ಲಿ ನಿಲ್ಲಲಿಲ್ಲ. ಎಲ್ಲರೂ ಖಾಲಿ ಕುರ್ಚಿಯನ್ನೇ ನೋಡುತ್ತಿದ್ದರು.

"ಹದಿನಾಲ್ಕು ವರ್ಷದಲ್ಲಿ ಒಂದು ದಿನ ತಪ್ಪಿಸಿಲ್ಲ ಪ್ಯಾಸ್ಕೋ" ಎಂದಳು ನೊರೀನ್ ಅತ್ತೆ. "ಜ್ವರ ಬಂದಾಗ್ಲೂ ಬಂದಿದ್ರು. ಹೆಂಡ್ತಿ ತೀರಿಕೊಂಡ ವಾರವೂ ಬಂದಿದ್ರು."

ಗಾರ್ವಿ ಸಾಹೇಬರು ಗೋಡೆಯ ಫೋನಿನಿಂದ ಕರೆ ಮಾಡಿದರು. ಆ ಕಡೆ ಯಾರೂ ಎತ್ತಲಿಲ್ಲ.

"ಬಚ್ಚಲಲ್ಲಿ ಜಾರಿ ಬಿದ್ದಿದ್ರೆ?" ಎಂದ ಡೆಸ್. ಅವನು ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವನು, ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಚಿಕ್ಕವನು. ಉತ್ತರಕ್ಕೆ ಕಾಯದೆ ಟೋಪಿ ಎತ್ತಿಕೊಂಡು ಟ್ರಕ್ಕಿನ ಕಡೆ ಓಡಿದ. ಇನ್ನಿಬ್ಬರು ಅಜ್ಜಂದಿರು ಮಂಡಿನೋವು ಮರೆತು ಹಿಂದೆಯೇ ಓಡಿದರು.

ಟಿಲ್ಲಿ ಬಾಯಿಯವರೆಗೆ ಒಯ್ದ ಚಿಪ್ಸ್ ಅನ್ನು ಕೆಳಗಿಳಿಸಿದಳು. ಹೇಳಿಬಿಡಲೇ? ಹೇಳಿದರೆ ಕಿವಿ ಉಳಿಯುವುದಿಲ್ಲ. ಹೇಗೂ ತಾತ ಈಗ ಬಂದೇಬರುತ್ತಾರೆ, ಎಲ್ಲ ತಾನಾಗಿ ಸರಿಹೋಗುತ್ತದೆ ಎಂದುಕೊಂಡಳು.

ತಾತ ಬಂದರು ನಿಜ. ಹಿಂಬಾಗಿಲಿನಿಂದ, ಟೋಪಿ ಕೈಯಲ್ಲಿ ಹಿಡಿದು, ಶಿಳ್ಳೆ ಹಾಕುತ್ತ. ಒಳಗಿನ ಮುಖಗಳನ್ನು ಕಂಡು ಶಿಳ್ಳೆ ನಿಂತಿತು.

"ಅಯ್ಯೋ ಮಾರಾಯ, ಎಲ್ಲಿ ಹೋಗಿದ್ದೆ? ಆರು ಆಗಿಹೋಯ್ತಲ್ಲ!" ಎಂದರು ಗಾರ್ವಿ ಸಾಹೇಬರು.

ತಾತ ಗೋಡೆಯ ಕಡೆ ನೋಡಿದರು. ಆರೂ ಕಾಲು. ಮೊಣಕೈಗೆ ಯಾರೋ ತಟ್ಟಿದಂತೆ ಅವರ ಕೈಯಿಂದ ಟೋಪಿ ಜಾರಿತು. ಕುರ್ಚಿಯಲ್ಲಿ ಕುಸಿದು ಕುಳಿತರು.

"ಹೋದ ತಿಂಗಳು ಕನ್ನಡಕಾನ ಫ್ರಿಜ್‌ನಲ್ಲಿಟ್ಟು ಮನೆಯೆಲ್ಲಾ ಹುಡುಕ್ದೆ" ಎಂದರು ಮೆಲ್ಲಗೆ. "ಮಗಳು ಹೇಳಿದ್ಲು, ಅಪ್ಪಾ, ಇನ್ನೊಂದು ಸಲ ಹೀಗಾದ್ರೆ ಮನೆಗೆ ಬೀಗ ಹಾಕಿ ಸಿಡ್ನಿಗೆ ಬಂದುಬಿಡಿ ಅಂತ. ಅದೇನು ಬಿಡು, ವಯಸ್ಸಾದ್ರೆ ಕನ್ನಡಕ ಯಾರಾದ್ರೂ ಮರೀತಾರೆ. ಆದ್ರೆ ಇದನ್ನ ಮರೆತ್ನಲ್ಲೋ, ಗಾರ್ವಿ. ಅವರನ್ನ ಮರೆತ್ನಲ್ಲ."

ಅಷ್ಟು ಹೇಳಿ ಅವರು ತಮ್ಮ ವಾಚು ನೋಡಿದರು. ಅದು ಐದು ಐವತ್ತೈದು ತೋರಿಸುತ್ತಿತ್ತು. ವಾಚಿನ ಕೀ ಹಿಡಿದು, ಗೋಡೆಯ ಗಡಿಯಾರಕ್ಕೆ ಸರಿಯಾಗಿ ತಿರುಗಿಸಲು ಹೊರಟರು.

"ತಿರುಗಿಸ್ಬೇಡಿ!"

ಟಿಲ್ಲಿ ಕೂಗಿದ್ದು ಎಷ್ಟು ಜೋರಾಗಿತ್ತೆಂದರೆ ಅವಳೇ ಬೆಚ್ಚಿದಳು. ಚಿಪ್ಸ್ ನೆಲದ ತುಂಬ ಚೆಲ್ಲಿತು.

"ತಿರುಗಿಸ್ಬೇಡಿ ತಾತ. ನಿಮ್ಮ ವಾಚೇ ಸರಿ. ಗಡಿಯಾರಾನ ನಾನು ಮುಂದಕ್ಕಿಟ್ಟೆ. ಇಪ್ಪತ್ತು ನಿಮಿಷ. ಚಿಪ್ಸ್ ಬೇಗ ಸಿಗ್ಲಿ ಅಂತ."

ತಾತ ಅವಳನ್ನೇ ನೋಡಿದರು.

"ಅಂದ್ರೆ, ನನ್ನ ತಲೆ ಸರಿಯಾಗಿದೆಯಾ?"

"ಸರಿಯಾಗಿದೆ ತಾತ. ನಂದೇ ಸರಿ ಇಲ್ಲ."

ತಾತ ಮೊದಲು ನಕ್ಕರೋ ಅತ್ತರೋ ಟಿಲ್ಲಿಗೆ ಗೊತ್ತಾಗಲಿಲ್ಲ. ಅವರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದರು, ಹೆಗಲು ಮಾತ್ರ ಕುಣಿಯುತ್ತಿತ್ತು. ಗಾರ್ವಿ ಸಾಹೇಬರ ಮುಖ ಬೀಟ್‌ರೂಟಿನಂತೆ ಕೆಂಪಾಯಿತು.

"ಎಲ್ಲಿ, ಬಾ ಇಲ್ಲಿ! ನಿನ್ನ ಕಿವಿ..."

"ಕಿವಿ ಆಮೇಲೆ ಹಿಂಡು ಗಾರ್ವಿ" ಎಂದು ತಾತ ಎದ್ದು ನಿಂತರು. "ಆರಕ್ಕೆ ಇನ್ನು ಎರಡೇ ನಿಮಿಷ ಇದೆ. ಸಾಲು ನಾನು ಹೇಳ್ತೀನಿ. ನೀನು ಹೇಳಿದ್ರಲ್ಲಿ ಒಂದು ಬಿಟ್ಟೇ ಇರ್ತೀಯ."

"ಬಿಟ್ರು!" ಎಂದರು ನಾಲ್ಕು ಜನ ಒಟ್ಟಿಗೆ.

ದೀಪ ಮತ್ತೆ ಆರಿತು. ತಾತ ಒಂದು ಪದವೂ ತಪ್ಪದೆ ನಾಲ್ಕೂ ಸಾಲು ಹೇಳಿದರು. ಮೌನದ ನಡುವೆ ಬಾಗಿಲು ದಡಾರನೆ ತೆರೆಯಿತು. ಡೆಸ್! ತೋಳಲ್ಲಿ ಕಿತ್ತುಬಂದ ಕಿಟಕಿಯ ಸೊಳ್ಳೆ ಪರದೆ, ಕೆನ್ನೆಯ ಮೇಲೆ ಗೀರು. ತಾತನನ್ನು ಕಂಡು ಬಾಯಿ ತೆರೆದವನು, ಹಾಗೆಯೇ ಟೋಪಿ ತೆಗೆದು, ಪರದೆ ತಬ್ಬಿಕೊಂಡು ಕಂಬದಂತೆ ನಿಂತ.

ದೀಪ ಹತ್ತಿದಾಗ ಟಿಲ್ಲಿಗೆ ಆಶ್ಚರ್ಯವಾಯಿತು. ಇಷ್ಟು ಬೇಗ ಮುಗಿಯಿತೇ? ಈ ಸಲ ಎಣಿಸಲು ಮರೆತಿದ್ದಳು.

"ಯಜಮಾನ್ರೆ, ನಿಮ್ಮ ಬಚ್ಚಲ ಕಿಟಕಿ ಒಡೆದುಬಿಟ್ವಿ" ಎಂದ ಡೆಸ್. "ಒಳಗೆ ಹೋದ್ರೆ ನಿಮ್ಮ ಬೆಕ್ಕು ಮುಖಕ್ಕೇ ಹಾರ್ತು."

"ಬೆಕ್ಕಿಗೆ ಏನೂ ಆಗಿಲ್ವಲ್ಲ?" ಎಂದರು ತಾತ.

ಶನಿವಾರ ಡೆಸ್ ಹೊಸ ಗಾಜು ಕೂರಿಸಿದ. ಚೂರುಗಳನ್ನೆಲ್ಲ ಗುಡಿಸಿದವಳು ಟಿಲ್ಲಿ. ಬೆಕ್ಕು ಅವಳನ್ನೂ ಬಿಡಲಿಲ್ಲ.

ಮುಂದಿನ ಶುಕ್ರವಾರವೂ ಅವಳು ಈಜಿ ಬಂದಿದ್ದಳು. ಹೊಟ್ಟೆ ಚುರುಗುಟ್ಟುತ್ತಿತ್ತು. ನೊರೀನ್ ಅತ್ತೆ ಕಿಟಕಿಯ ಸಂದಿಯಿಂದ ಕೈ ಚಾಚಿದಳು.

"ತಗೊಳ್ಳೇ, ಮುರಿದಿರೋದು. ಯಾರಿಗೂ ಹೇಳ್ಬೇಡ."

ಟಿಲ್ಲಿ ತಿರುಗಲಿಲ್ಲ. "ಆಮೇಲೆ ಅತ್ತೆ" ಎಂದಳು.

ಗಡಿಯಾರ ಐದು ಐವತ್ತೈದು ತೋರಿಸುತ್ತಿತ್ತು. ಪ್ಯಾಸ್ಕೋ ತಾತನ ಕುರ್ಚಿ ಖಾಲಿ ಇತ್ತು. ಅವಳು ಹಿಂಬಾಗಿಲನ್ನೇ ನೋಡುತ್ತ ನಿಂತಿದ್ದಳು, ಹೊರಗೆ ಶಿಳ್ಳೆಯ ಸದ್ದು ಕೇಳುವವರೆಗೂ.