ಸತ್ತ ಕುರಿಗಳು ಸಂತೆಗೆ ಬಂದವು

ಬೆಳಗಿನ ಹಾಜರಿಯಲ್ಲಿ ‘ಹಾಜರ್ ಸಾರ್’ ಎನ್ನುವ ತನ್ನ ದನಿ ಎರಡನೇ ಸಾಲನ್ನೂ ದಾಟುವುದಿಲ್ಲ ಎಂಬುದು ಕಾನ್‌ಸ್ಟೆಬಲ್ ಸ್ನೇಹಲತಾಳ ಚಿಂತೆ. ಬಿ.ಸಿ.ಎ. ಮುಗಿಸಿ ಪೊಲೀಸ್ ಪರೀಕ್ಷೆ ಬರೆದವಳು. ಓಟದಲ್ಲಿ ಮುಂದು, ಮಾತಿನಲ್ಲಿ ಹಿಂದು. ‘ಖಾಕಿ ತೊಟ್ಟೂ ಕೂಗಲು ಬರದಿದ್ದರೆ ನಾನು ಯಾವ ಪೊಲೀಸು?’ ಎಂದು ಆ ಬುಧವಾರ ಡೈರಿಯಲ್ಲಿ ಬರೆದು, ಯಾರಾದರೂ ಓದಿಬಿಟ್ಟಾರೆಂದು ಬಟ್ಟೆಯ ಅಡಿಗೆ ತಳ್ಳಿ, ಮಧುಗಿರಿ ಠಾಣೆಗೆ ಹೊರಟಳು.

ಹತ್ತೂವರೆಗೆ ದೂರು ಬಂತು. ಕೊಟ್ಟವರು ಕುರಿ ಸಾಕಣೆದಾರರ ಸಹಕಾರ ಸಂಘದ ಕಾರ್ಯದರ್ಶಿ ಕದರಪ್ಪ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ನಾಲ್ಕೂ ತಾಲ್ಲೂಕಿನಲ್ಲಿ ಸಂಘದ ಕಚೇರಿಗಳಿದ್ದವು. ಸದಸ್ಯರ ಪ್ರತಿ ಕುರಿಯ ಕಿವಿಗೂ ನಂಬರಿನ ಓಲೆ ಹಾಕಿ ವಿಮೆ ಮಾಡಿಸುವುದು ಸಂಘದ ಕೆಲಸ.

“ಕ್ಯಾತಮ್ಮ ಅಂತ, ಮಿಡಿಗೇಶಿ ಕಡೆ ಹಟ್ಟಿಯವಳು. ಅವಳ ಇಪ್ಪತ್ತೆರಡು ಕುರಿ ಹೋದ ತಿಂಗಳೇ ಸತ್ತಿವೆ ಅಂತ ನಮ್ಮ ಕಂಪ್ಯೂಟರಿನಲ್ಲಿದೆ. ಈಗ ಅವೇ ನಂಬರಿನ ಓಲೆ ಹಾಕ್ಕೊಂಡು ಇಪ್ಪತ್ತೆರಡು ಕುರಿ ಸಂತೇಲಿ ನಿಂತಿವೆ.”

“ಅಂದ್ರೆ?” ಎಂದರು ಇನ್‌ಸ್ಪೆಕ್ಟರ್ ಮೂಡಲಗಿರಿಯಪ್ಪ.

“ಸತ್ತ ಕುರಿ ಓಲೆ ಕಿತ್ತು ಕದ್ದ ಕುರಿಗೆ ಹಾಕವ್ಳೆ ಸಾರ್.”

ಎಫ್‌ಐಆರ್ ದಾಖಲಾಯಿತು. ಸಂತೆ ಮೈದಾನದಲ್ಲೇ ಪಂಚನಾಮೆ ನಡೆಯಿತು. ಸುತ್ತ ಜನ ಗುಂಪುಗೂಡಿ ನೋಡುತ್ತಿರುವಾಗ ಕದರಪ್ಪ “ಕಳ್ಳಿ” ಎಂದು ಎರಡು ಸಲ ಜೋರಾಗಿ ಅಂದರು. ಪೊಲೀಸರು ತಡೆಯಲಿಲ್ಲ. ಐವತ್ತು ದಾಟಿದ ಕ್ಯಾತಮ್ಮ ಕೋಲನ್ನು ನೆಲಕ್ಕೆ ಕುಕ್ಕಿದಳು.

“ನನ್ ಕುರಿ ಸತ್ತಿದ್ರೆ ನಾನ್ಯಾಕ್ಲಾ ಸಂತೆಗೆ ಬತ್ತಿದ್ದೆ? ಮನೇಲಿ ಕುಂತು ಅಳ್ತಿದ್ದೆ. ಯಾರ್ ನಿಂಗೆ ಹೇಳಿದ್ದು ಸತ್ತೋದ್ವು ಅಂತ?”

“ಕಂಪ್ಯೂಟರ್ ಹೇಳ್ತದೆ ಕಣಮ್ಮ.”

“ಅದೇನ್ ನನ್ ಕುರಿ ಮೇಯ್ಸಕ್ಕೆ ಬಂದಿತ್ತಾ?”

ಜನ ನಕ್ಕರು. ಕುರಿಗಳನ್ನು ಠಾಣೆಯ ಹಿಂದಿನ ದೊಡ್ಡಿಗೆ ಸಾಗಿಸಲಾಯಿತು. ಅವುಗಳಲ್ಲಿ ಒಂಬತ್ತು ಈದ ಕುರಿಗಳು. ಮರಿಗಳು ಹಟ್ಟಿಯಲ್ಲೇ ಉಳಿದಿದ್ದವು. ಸಂಜೆಗೆ ಕೆಚ್ಚಲು ಬಿಗಿದು ಕುರಿಗಳು ಅರಚತೊಡಗಿದವು. ಜೀವವಿರುವ ಮಾಲನ್ನು ಹೆಚ್ಚು ದಿನ ಇಟ್ಟುಕೊಳ್ಳಲಾಗದು, ಸೋಮವಾರವೇ ಹರಾಜಿಗೆ ನ್ಯಾಯಾಲಯದ ಅನುಮತಿ ಕೇಳಿ ಎಂದು ಕದರಪ್ಪ ಒತ್ತಾಯಿಸಿದರು. ಹರಾಜಾದರೆ ಕ್ಯಾತಮ್ಮನಿಗೆ ಉಳಿಯುವುದು ಮರಿಗಳು, ಕೋಲು, ಕಳ್ಳಿ ಎಂಬ ಹೆಸರು.

ಸ್ನೇಹಲತಾ ದೊಡ್ಡಿಯಿಂದ ನೇರ ಇನ್‌ಸ್ಪೆಕ್ಟರ ಮೇಜಿನ ಮುಂದೆ ಬಂದು ನಿಂತಳು. ಏನೋ ಅಂದಳು.

“ಜೋರಾಗಿ ಹೇಳಮ್ಮ. ನಾನೇನ್ ಕಚ್ತೀನಾ?”

“ಓಲೆ ತೂತು ಹಳೇದು ಸಾರ್. ಎಲ್ಲಾ ಕಿವೀಲೂ ಗಾಯ ಮಾಯ್ದು ಕೂದಲು ಬಂದಿದೆ. ಹೋದ ತಿಂಗಳು ಚುಚ್ಚಿದ್ದಲ್ಲ.”

ಮೂಡಲಗಿರಿಯಪ್ಪ ಟಾರ್ಚ್ ಹಿಡಿದು ದೊಡ್ಡಿಗೆ ಹೋದರು. ಬಂದು ಕುಳಿತು, “ಮೊದಲು ಮರಿಗಳನ್ನ ತರಿಸು. ಕೇಸಿನ ಮಾಲಲ್ಲ ಅವು, ಹಾಲು ಕುಡೀಲಿ” ಎಂದರು. ಆಮೇಲೆ ಸಂಘದ ಕಡತ ಬಿಚ್ಚಿದರು.

ಮಾರನೇ ಬೆಳಿಗ್ಗೆ ಸಂಘದ ತಂತ್ರಜ್ಞ ಗೋಪಾಲ್ ಹೇಳಿಕೆ ಕೊಟ್ಟ. ಗುತ್ತಿಗೆಯ ಮೇಲಿದ್ದ, ಮೂವತ್ತರ ಒಳಗಿನ ಹುಡುಗ.

“ಸಾವು ದಾಖಲು ಮಾಡಿದ್ಯಾರು?”

“ನಾನೇ ಸಾರ್.”

“ಯಾರು ತಿಳಿಸಿದ್ರು?”

“ಆಯಮ್ಮನೇ. ಮಧುಗಿರಿ ಕಚೇರಿಗೆ ಬಂದು.”

“ತಾರೀಕು?”

“ಹದಿನಾಲ್ಕು.”

ದಾಖಲೆಯ ಪ್ರತಿಯನ್ನು ಸ್ನೇಹಲತಾ ಬೆರಳಿಟ್ಟು ತೋರಿಸಿದಳು. ಇಪ್ಪತ್ತೆರಡೂ ಕುರಿಗಳು ಒಂದೇ ದಿನ, ಒಂದೇ ನಿಮಿಷದಲ್ಲಿ ಸತ್ತಿದ್ದವು.

“ಸಿಡ್ಲು ಹೊಡುದ್ರೂ ಒಂದೆರಡು ಉಳ್ಕತಾವೆ” ಎಂದರು ಮೂಡಲಗಿರಿಯಪ್ಪ.

ಸಂಘಕ್ಕೆ ಹೊಸ ತಂತ್ರಾಂಶ ಬರುತ್ತಿದೆ, ಅದರ ಪರೀಕ್ಷೆ ಹೋದ ತಿಂಗಳ ನಡುವೆ ಕೊರಟಗೆರೆ ಕಚೇರಿಯಲ್ಲಿ ನಡೆಯಿತು ಎಂದು ಕದರಪ್ಪ ಮಾತಿನ ನಡುವೆ ಹೇಳಿದ್ದರು. ಶುಕ್ರವಾರ ಜೀಪು ಕೊರಟಗೆರೆಗೆ ಹೊರಟಿತು. ಗೋಪಾಲ್ ಹಿಂದಿನ ಸೀಟಿನಲ್ಲಿದ್ದ. ಗೊರವನಹಳ್ಳಿ ದೇವಸ್ಥಾನಕ್ಕೆ ಹೋಗುವ ಬಸ್ಸುಗಳ ಹಿಂದೆ ಸಿಕ್ಕಿಕೊಂಡು ಜೀಪು ನಿಧಾನವಾಯಿತು.

ಕೊರಟಗೆರೆ ಕಚೇರಿಯ ಗುಮಾಸ್ತೆ ಪಾಪಕ್ಕ ಬಾಗಿಲಲ್ಲೇ ಕೇಳಿದಳು: “ಏನ್ ಗೋಪಾಲಣ್ಣ, ಪೊಲೀಸ್ ಜೀಪಲ್ಲಿ ಬಂದ್ಬುಟ್ಟೆ? ಬಸ್ ಸಿಗ್ಲಿಲ್ವಾ?”

“ಹೋದ ತಿಂಗಳು ಹದಿನಾಲ್ಕರಂದು ಇವರು ಎಲ್ಲಿದ್ರು?” ಇನ್‌ಸ್ಪೆಕ್ಟರು ಕೇಳಿದರು.

“ಇಲ್ಲೇ ಸಾರ್, ದಿನಾ ಪೂರ್ತಿ. ಮಾರನೇ ದಿನ ನಿರ್ದೇಶಕರಿಗೆಲ್ಲ ತೋರ್ಸೋದಿತ್ತಲ್ಲ. ಕುರಿ ಸತ್ರೆ ವಿಮೆ ಹೆಂಗ್ ಬತ್ತದೆ ಅಂತ ಒತ್ತಿ ನೋಡ್ಬೇಕಿತ್ತು. ನನ್ ಕೈಲಿ ಆಗಲ್ಲ ಅಂದ್ಬುಟ್ಟೆ.”

“ಯಾಕೆ?”

“ನಾನೂ ಹಟ್ಟಿಯೋಳೇ ಸಾರ್. ಬದುಕಿರೋ ಕುರಿಗೆ ಸತ್ತೋಯ್ತು ಅಂತ ಬಾಯಲ್ಲೂ ಅನ್ನಲ್ಲ, ಕೈಲೂ ಒತ್ತಲ್ಲ. ಬರೀ ನಕಲು ಕಣಕ್ಕ, ಏನೂ ಆಗಲ್ಲ ಅಂತ ಇವರೇ ಒತ್ತಿದ್ರು.”

ಗೋಪಾಲ್ ತಲೆ ತಗ್ಗಿಸಿದ. ಆದರೂ ಬಿಟ್ಟುಕೊಡಲಿಲ್ಲ. “ಅದು ನಕಲೇ ಸಾರ್. ಈ ಪರೀಕ್ಷಾ ಸರ್ವರ್‌ನಿಂದ ನಾಲ್ಕು ಲಿಂಕ್ ಹೋಗ್ತವೆ. ನಾಲ್ಕು ತಾಲ್ಲೂಕಿನ ನಕಲು ದಾಖಲೆಗಳಿಗೆ. ಅಸಲಿಗೂ ಇದಕ್ಕೂ ಸಂಬಂಧವೇ ಇಲ್ಲ. ಹೆಸರು ನೋಡಿ ಬೇಕಾದ್ರೆ.”

ಪರದೆಯ ಮೇಲೆ ನಾಲ್ಕು ಲಿಂಕುಗಳಿದ್ದವು. ನಾಲ್ಕರ ಹೆಸರಿನ ಹಿಂದೆಯೂ ‘ಪರೀಕ್ಷೆ’ ಎಂದಿತ್ತು.

ಸ್ನೇಹಲತಾ ಕುರ್ಚಿ ಎಳೆದುಕೊಂಡಳು. ಠಾಣೆಗೆ ಬಂದವರಿಗೆ ಮೊದಲು ಹೆಸರು ಕೇಳುತ್ತಾರೆ. ಕರೆತಂದವರು ಹೇಳಿದ ಹೆಸರನ್ನು ಬರೆದುಕೊಳ್ಳುವುದಿಲ್ಲ. ಲಿಂಕಿನ ಹೆಸರು ಈ ಕಡೆಯವರು ಇಟ್ಟದ್ದು. ಆ ಕಡೆ ಇರುವ ಸರ್ವರನ್ನೇ ಅವಳು ಒಂದೊಂದಾಗಿ ಕೇಳಿದಳು: ನಿನ್ನ ಹೆಸರೇನು?

ಸಿರಾ ಉತ್ತರಿಸಿತು: ಪರೀಕ್ಷೆ. ಪಾವಗಡ: ಪರೀಕ್ಷೆ. ಕೊರಟಗೆರೆ: ಪರೀಕ್ಷೆ. ಮಧುಗಿರಿ ಮಾತ್ರ ಹೆಸರು ಹೇಳಲಿಲ್ಲ. ‘ಲಾಗಿನ್ ವಿಫಲ’ ಎಂದು ಕೆಂಪು ಸಾಲು ಬಂತು.

“ನೋಡಿ, ಆ ಲಿಂಕ್ ಕೆಟ್ಟೋಗಿದೆ ಮೇಡಂ” ಎಂದ ಗೋಪಾಲ್, ಸ್ವಲ್ಪ ಬೇಗನೇ.

“ಕೆಟ್ಟಿಲ್ಲ” ಎಂದಳು ಸ್ನೇಹಲತಾ. ದನಿ ಸಣ್ಣದಿತ್ತು, ನಡುಗಲಿಲ್ಲ. “ಕೆಟ್ಟಿದ್ದರೆ ದಾರಿ ಸಿಗಲಿಲ್ಲ ಅಂತ ಬರುತ್ತೆ. ಇದು ದಾರಿ ಸಿಕ್ಕಿ, ಬಾಗಿಲು ತಟ್ಟಿ, ಒಳಗೆ ಬಿಡಲ್ಲ ಅನ್ನಿಸ್ಕೊಂಡಿದೆ. ಯಾರೋ ಬಿಡಲ್ಲ ಅಂದಿದ್ದಾರೆ. ಯಾರು ಅಂತ ಕೇಳೋಣ.”

ಬಾಗಿಲಲ್ಲಿ ತಡೆದ ಸರ್ವರ್ ಅದನ್ನು ತನ್ನಲ್ಲಿ ಗುರುತು ಹಾಕಿಕೊಳ್ಳುತ್ತದೆ. ಇನ್‌ಸ್ಪೆಕ್ಟರು ಮಧುಗಿರಿಗೆ ಫೋನ್ ಹಚ್ಚಿ ಕದರಪ್ಪನವರನ್ನು ಅಸಲಿ ಸರ್ವರ್ ಮುಂದೆ ಕೂರಿಸಿದರು. ಯಾವ ಕಡತ ತೆರೆಯಬೇಕೆಂದು ಸ್ನೇಹಲತಾ ಹೇಳಿಕೊಟ್ಟಳು.

“ಕೊನೇ ಸಾಲು ಓದಿ ಸಾರ್.”

“ಲಾಗಿನ್ ವಿಫಲ...” ಕದರಪ್ಪ ಕನ್ನಡಕ ಸರಿಮಾಡಿಕೊಂಡಿರಬೇಕು, ತಡೆದು ಓದಿದರು. “ಈಗ ತಾನೇ ಅಂತದೆ. ಹನ್ನೊಂದು ನಲವತ್ತು. ಕೊರಟಗೆರೆ ಪರೀಕ್ಷಾ ಯಂತ್ರದಿಂದ. ಅಲ್ಲಮ್ಮಾ, ಅಲ್ಲಿಂದ ಇಲ್ಲಿಗೆ ಹೆಂಗ್ ಬಂತು?”

ಮೂಡಲಗಿರಿಯಪ್ಪ ಗೋಪಾಲ್ ಕಡೆ ತಿರುಗಿದರು. “ಹೆಂಗಪ್ಪಾ ಬಂತು?”

ಗೋಪಾಲ್ ಕುರ್ಚಿಯ ಅಂಚಿಗೆ ಕುಳಿತು ಹೇಳಿದ. ಹದಿನಾಲ್ಕರಂದು ಮಧುಗಿರಿಯ ನಕಲು ಎಷ್ಟು ಹೆಣಗಿದರೂ ಲಿಂಕ್‌ಗೆ ಸಿಗಲಿಲ್ಲ. ಒಂದು ದಿನದ ಮಟ್ಟಿಗೆಂದು ಲಿಂಕಿಗೆ ಅಸಲಿ ಸರ್ವರ್‌ನ ವಿಳಾಸವನ್ನೂ ಗುಪ್ತಪದವನ್ನೂ ಕೊಟ್ಟ. ಪರೀಕ್ಷೆ ಮುಗಿದ ಮೇಲೆ ನಕಲುಗಳನ್ನೆಲ್ಲ ಅಳಿಸಿ ಹೊಸದಾಗಿ ತುಂಬುವುದು ರೂಢಿ. ಮಧುಗಿರಿಯದು ನಕಲಲ್ಲ, ಅಲ್ಲಿ ಒತ್ತಿದ ಸಾವು ಅಸಲಿಯಲ್ಲೇ ಉಳಿಯುತ್ತದೆ ಎಂಬುದು ಆ ಗಡಿಬಿಡಿಯಲ್ಲಿ ಮರೆಯಿತು. ಸಂತೆಗೆ ಕುರಿ ಬಂದ ಸುದ್ದಿ ಕೇಳಿ ನೆನಪಾಯಿತು. ಆಗ ಈ ಸಂಬಂಧ ಯಾರಿಗೂ ಕಾಣದಿರಲೆಂದು ಅಸಲಿಯ ಗುಪ್ತಪದ ಬದಲಿಸಿದ. ಕೊರಟಗೆರೆಯ ಲಿಂಕಿನಲ್ಲಿದ್ದ ವಿಳಾಸ ಹಾಗೇ ಉಳಿಯಿತು.

“ಆವತ್ತೇ ಹೇಳಬಹುದಿತ್ತಲ್ಲ?”

“ಕೆಲಸ ಹೋಗ್ತಿತ್ತು ಸಾರ್.”

“ಅದಕ್ಕೆ ಆಯಮ್ಮನ ಕುರಿ ಹೋಗ್ಲಿ ಅಂದ್ಯಾ?”

ಪಾಪಕ್ಕ ತಂದಿಟ್ಟ ನೀರಿನ ಲೋಟವನ್ನು ಅವನು ಪಕ್ಕಕ್ಕೆ ಸರಿಸಿದ.

ಪಂಚರ ಮುಂದೆ ಪರೀಕ್ಷಾ ಸರ್ವರ್‌ಗೆ ಮೊಹರು ಬಿತ್ತು. ಮಧ್ಯಾಹ್ನ ಮೂರಕ್ಕೆ ಗೋಪಾಲನನ್ನು ದಸ್ತಗಿರಿ ಮಾಡಲಾಯಿತು: ಸುಳ್ಳು ಹೇಳಿಕೆ, ಸಾಕ್ಷ್ಯ ಮುಚ್ಚಲು ಯತ್ನ. ಕೆಟ್ಟವನಾಗಿರಲಿಲ್ಲ ಆತ. ‘ನನ್ನಿಂದ ತಪ್ಪಾಯ್ತು’ ಎಂಬ ಮಾತನ್ನು ಹೊತ್ತಿಗೆ ಸರಿಯಾಗಿ ಆಡಲಾರದೆ, ಅದರ ಜಾಗದಲ್ಲಿ ಇನ್ನೊಬ್ಬರ ಹೆಸರು ಹೇಳಿದ್ದ. ಆ ರಾತ್ರಿ ಸ್ನೇಹಲತಾ ಡೈರಿ ತೆಗೆದಳು, ಏನೂ ಬರೆಯಲಿಲ್ಲ. ಬಾಯಿ ಬಾರದಿರುವುದು ಬರೀ ನಾಚಿಕೆಯ ವಿಷಯವಲ್ಲ, ಅದರಿಂದ ಇನ್ನೊಬ್ಬರ ಬದುಕೂ ಹೋಗಬಹುದು ಎಂದು ಮೊದಲ ಸಲ ಅವಳಿಗೆ ಭಯವಾಗಿತ್ತು.

ಸೋಮವಾರ ಹರಾಜಿನ ಬದಲು ಬಿಡುಗಡೆಯ ಅರ್ಜಿ ಹೋಯಿತು. ಬುಧವಾರ ಕುರಿಗಳನ್ನೂ ಮರಿಗಳನ್ನೂ ದೊಡ್ಡಿಯಿಂದ ಬಿಟ್ಟರು. ಕ್ಯಾತಮ್ಮ ಅವನ್ನು ಹಟ್ಟಿಗೆ ಹೊಡೆದುಕೊಂಡು ಹೋಗಲೊಪ್ಪಲಿಲ್ಲ.

“ಎಲ್ಲಿಂದ ಹಿಡ್ಕಂಡ್ ಬಂದ್ರೋ ಅಲ್ಲೇ ತಂದು ಬುಡಿ” ಎಂದಳು.

ಸಂತೆ ಮೈದಾನ ತುಂಬಿತ್ತು. ಇನ್‌ಸ್ಪೆಕ್ಟರು ನ್ಯಾಯಾಲಯದ ಆದೇಶವನ್ನು ಓದಿದರು. ‘ಸದರಿ ಜಾನುವಾರುಗಳನ್ನು ಸದರಿ ವಾರಸುದಾರರಿಗೆ’ ಎಂಬುದು ಪಕ್ಕದ ಬಳೆಯಂಗಡಿಯವನಿಗೂ ಅರ್ಥವಾಗಲಿಲ್ಲ. ಕದರಪ್ಪ ಕೈಮುಗಿದು, “ಬೇಜಾರ್ ಮಾಡ್ಕಬ್ಯಾಡ ಕ್ಯಾತಮ್ಮ” ಎಂದು ಮೆಲ್ಲಗೆ ಅಂದರು.

“ಕಳ್ಳಿ ಅನ್ನುವಾಗ ಸಂತೆಗೆಲ್ಲ ಕೇಳ್ತು” ಎಂದಳು ಕ್ಯಾತಮ್ಮ. “ಅಲ್ಲ ಅನ್ನುವಾಗ ನನ್ ಕಿವೀಲಿ ಹೇಳ್ತೀಯಾ?”

ಕದರಪ್ಪ ಚಪ್ಪಲಿ ನೋಡಿಕೊಂಡರು. ಮೂಡಲಗಿರಿಯಪ್ಪ ಆದೇಶದ ಹಾಳೆಯನ್ನು ಮಡಿಸಿದರು, ಮತ್ತೆ ಬಿಡಿಸಿದರು.

ಸ್ನೇಹಲತಾ ಟೋಪಿ ತೆಗೆದು ಕಂಕುಳಿಗಿಟ್ಟುಕೊಂಡು ತರಕಾರಿಯವರ ಕಟ್ಟೆ ಹತ್ತಿದಳು. ಸಂತೆಯ ಆಚೆ ತುದಿಯಲ್ಲಿ ಕಂಬಳಿ ಮಾರುವವನೊಬ್ಬ ಬೆನ್ನು ತಿರುಗಿಸಿ ನಿಂತಿದ್ದ. ಅವನಿಗೆ ಕೇಳಬೇಕು ಎಂದುಕೊಂಡಳು.

“ಕೇಳ್ರಪ್ಪಾ ಎಲ್ಲಾರೂ! ಈ ಕುರಿ ಕ್ಯಾತಮ್ಮನವೇ! ಅವರು ಕಳ್ಳಿ ಅಲ್ಲ, ತಪ್ಪು ಮಾಡಿದ್ದು ನಾವು!”

ಕಂಬಳಿಯವನು ತಿರುಗಿ ನೋಡಿದ.